ಅವರೆಯ ದೂರದ ನೆಂಟ

ಆಸ್ಟ್ರೇಲಿಯಾದ ಒಳನಾಡಿನ ಕೆಂಪು ಮರಳಲ್ಲಿ ಸ್ಟರ್ಟ್ಸ್ ಡೆಸರ್ಟ್ ಪೀ ಅಂತ ಒಂದು ಗಿಡ ಇದೆ. ನೆಲಕ್ಕೆ ಅಂಟಿಕೊಂಡೇ ಹಬ್ಬುತ್ತದೆ. ರಕ್ತಗೆಂಪು ಹೂವು, ನಡುವೆ ಫಳಫಳ ಹೊಳೆಯುವ ಕಪ್ಪು ಉಬ್ಬು. ನಮ್ಮ ಅವರೆ, ತೊಗರಿಯ ಬಳಗವೇ!

ಬೀಜ ಮಾತ್ರ ಮಹಾ ಹಟಮಾರಿ. ಸಿಪ್ಪೆ ಎಷ್ಟು ಗಟ್ಟಿ ಅಂದರೆ ನೀರು ಒಳಗೆ ಇಳಿಯುವುದೇ ಕಷ್ಟ. ಮರಳಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಒಳ್ಳೆ ಮಳೆ ಬಂತೋ, ನೆಲವೆಲ್ಲ ಹೂವು. ಮನೆಯಲ್ಲಿ ಬೆಳೆಸುವವರು ಬೀಜವನ್ನು ಮರಳು ಕಾಗದಕ್ಕೆ ಉಜ್ಜುತ್ತಾರೆ, ಇಲ್ಲವೇ ಬಿಸಿನೀರಿಗೆ ಹಾಕುತ್ತಾರೆ. ರಾತ್ರಿ ಕಡಲೆ ನೆನೆಹಾಕಿದಷ್ಟು ಸಲೀಸಲ್ಲ.

1699ರಲ್ಲೇ ವಿಲಿಯಂ ಡ್ಯಾಂಪಿಯರ್ ಅನ್ನುವ ಇಂಗ್ಲಿಷ್ ನಾವಿಕ ಇದನ್ನು ಕಿತ್ತು ಒಣಗಿಸಿ ಊರಿಗೆ ಒಯ್ದಿದ್ದ. ಹೂವಿಗೆ ಅಂಟಿದ್ದು ಮಾತ್ರ ಇದನ್ನು 1844ರಲ್ಲಿ ಕಂಡ ಅನ್ವೇಷಕ ಚಾರ್ಲ್ಸ್ ಸ್ಟರ್ಟ್ ಹೆಸರು. ಅಲ್ಲಿನ ಮೂಲನಿವಾಸಿಗಳು ಇವರಿಬ್ಬರಿಗಿಂತ ಸಾವಿರಾರು ವರ್ಷ ಮೊದಲೇ ನೋಡಿದ್ದರು, ಅಲ್ವಾ? ಅವರನ್ನು ಕೇಳಿದವರು ಯಾರು!

1961ರಿಂದ ಇದು ಸೌತ್ ಆಸ್ಟ್ರೇಲಿಯಾ ರಾಜ್ಯದ ಹೂವು. ಮಳೆ ಚೆನ್ನಾಗಿ ಬಿದ್ದ ವರ್ಷ ಹೋಗಿ ನೋಡುವ ಆಸೆ. ಸದ್ಯಕ್ಕೆ ವಿಮಾನದ ಟಿಕೆಟ್ ರೇಟು ನೋಡಿ ಫೋಟೋದಲ್ಲೇ ತೃಪ್ತಿಪಡುತ್ತಿದ್ದೇನೆ.