ಮನೆಗೆ ಯಾವ ಎಫ್‌ಎಂ ಟ್ರಾನ್ಸ್‌ಮಿಟರ್ ತಗೊಳ್ಳೋದು? ವ್ಯಾಟ್ ನೋಡ್ಬೇಡಿ

ನನಗೆ ರೇಡಿಯೋ ಹುಚ್ಚು ಅಂತ ಇಲ್ಲಿ ಡಲ್ಲಾಸ್ ಕಡೆ ಕನ್ನಡದವ್ರಿಗೆಲ್ಲ ಗೊತ್ತು, ಹಾಗಾಗಿ ಬೇಸಿಗೆ ಬಂತು ಅಂದ್ರೆ ಅದೇ ಮೆಸೇಜು: "ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಅಪ್ಪಂಗೆ ಫೋನು ಒತ್ತೋದೆಲ್ಲ ಆಗಲ್ಲ, ರೇಡಿಯೋನೇ ಬೇಕಂತೆ, ಮನೇಲಿಡೋಕೆ ಒಂದು ಎಫ್‌ಎಂ ಟ್ರಾನ್ಸ್‌ಮಿಟರ್ ಹೇಳು ಗುರು". ಐಡಿಯಾ ಚೆನ್ನಾಗೇ ಇದೆ. ಹಳೇ ಫೋನಲ್ಲಿ ನ್ಯೂಸ್‌ಆನ್‌ಏರ್ ಆಪ್ ಹಾಕಿ ಆಕಾಶವಾಣಿ ಹಚ್ಚಿಟ್ರೆ, ಅದನ್ನ ಟ್ರಾನ್ಸ್‌ಮಿಟರ್ ಮನೆ ಪೂರ್ತಿ ಹರಡುತ್ತೆ, ಅಡುಗೆಮನೆ ರೇಡಿಯೋದಲ್ಲೂ ಗ್ಯಾರೇಜ್ ರೇಡಿಯೋದಲ್ಲೂ ಒಟ್ಟಿಗೇ ಬರುತ್ತೆ. ಬೆಂಗಳೂರಲ್ಲಿ ಬೆಳಗ್ಗೆ 7 ಅಂದ್ರೆ ಬೇಸಿಗೇಲಿ ನಮಗೆ ಹಿಂದಿನ ರಾತ್ರಿ 8:30, ಊಟಕ್ಕೆ ಕೂರೋ ಹೊತ್ತಿಗೆ ಸರಿಯಾಗುತ್ತೆ.

ಎಲ್ಲರೂ ಎಡವೋದು ಒಂದೇ ಕಡೆ, ವ್ಯಾಟ್. ಆನ್‌ಲೈನಲ್ಲಿ ಅರ್ಧ ವ್ಯಾಟ್, 7 ವ್ಯಾಟ್, 15 ವ್ಯಾಟ್ ಅಂತ ಮಾರ್ತಿರ್ತಾರೆ, ಜಾಸ್ತಿ ಇದ್ರೆ ಒಳ್ಳೇದಲ್ವಾ ಅಂತ ಕೇಳ್ತಾರೆ. ಅಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಇಲ್ದೆ ಎಫ್‌ಎಂ ಬಿಡೋಕೆ ಎಫ್‌ಸಿಸಿಯ (ರೇಡಿಯೋ ಎಲ್ಲ ನೋಡ್ಕೊಳ್ಳೋ ಇಲ್ಲಿನ ಸರ್ಕಾರಿ ಸಂಸ್ಥೆ) ಪಾರ್ಟ್ 15 ರೂಲು ಒಂದು ಮಿತಿ ಹಾಕಿದೆ, 3 ಮೀಟರ್ ದೂರದಲ್ಲಿ ಸಿಗ್ನಲ್ಲು ಮೀಟರಿಗೆ 250 ಮೈಕ್ರೋವೋಲ್ಟ್ ದಾಟಬಾರ್ದು. ಲೆಕ್ಕ ಹಾಕಿದ್ರೆ ಅದು ಸುಮಾರು 19 ನ್ಯಾನೋವ್ಯಾಟ್. ಅಂದ್ರೆ ಆ "ಪುಟ್ಟ" ಅರ್ಧ ವ್ಯಾಟಿನ ಡಬ್ಬಿ ಮಿತಿಗಿಂತ ಎರಡೂವರೆ ಕೋಟಿ ಪಟ್ಟು ಜಾಸ್ತಿ! 2020ರ ಪೈರೇಟ್ ಆಕ್ಟ್ ಕಳ್ಳ ರೇಡಿಯೋಗೆ ದಂಡಾನ ದಿನಕ್ಕೆ ಒಂದು ಲಕ್ಷ ಡಾಲರ್‌ವರೆಗೂ ಏರಿಸ್ತು, ಈಗ ಅದಕ್ಕಿಂತ ಜಾಸ್ತೀನೇ ಹಾಕಬಹುದು. ದಂಡ ಬಿಡಿ, 108 ಮೆಗಾಹರ್ಟ್ಸ್ ಮೇಲೆ ಶುರುವಾಗೋದೇ ವಿಮಾನದವ್ರ ಬ್ಯಾಂಡು, ಅಗ್ಗದ ಡಬ್ಬಿಗಳು ಎಲ್ಲೆಲ್ಲೋ ಕಸ ಉಗುಳ್ತವೆ, ನಮ್ಮನೇಲಿ ಸುಪ್ರಭಾತ ಕೇಳೋಕೆ ಪೈಲಟ್ ಕಿವಿಗೆ ಗೊರಗೊರ ಯಾಕೆ.

ಹಾಗಾಗಿ ಲೇಬಲ್ ಮೇಲೆ ಎಫ್‌ಸಿಸಿ ಐಡಿ (ಎಫ್‌ಸಿಸಿ ಸರ್ಟಿಫಿಕೇಟ್ ಸಿಕ್ಕಿರೋ ಡಬ್ಬಿಯ ನಂಬರು) ಇದ್ಯಾ ನೋಡಿ, ಇದ್ರೆ ಅದನ್ನ ಎಫ್‌ಸಿಸಿ ಸೈಟಲ್ಲಿ ಹಾಕಿ ನಿಜಾನಾ ಅಂತ ಹುಡುಕಿ. ಆಮೇಲೆ ಪಿಎಲ್ಎಲ್ ಇರೋದೇ ತಗೊಳ್ಳಿ, ಅಂದ್ರೆ ಡಿಜಿಟಲ್ ಆಗಿ ಫ್ರೀಕ್ವೆನ್ಸಿ ಸೆಟ್ ಮಾಡೋದು. ಬರೀ ಕಾಯಿಲ್ ತಿರುಗಿಸಿ ಟ್ಯೂನ್ ಮಾಡೋ ಕಿಟ್‌ಗಳು ಬಿಸಿ ಆದಂಗೆ ಜಾರ್ತವೆ, ಕೈ ಹತ್ರ ತಂದ್ರೂ ಜಾರ್ತವೆ. ಕಾರಿನ ಲೈಟರಿಗೆ ಚುಚ್ಚೋದು ಕಾರಿಗೇ ಇರ್ಲಿ. ಮನೆಗೆ ಅಂತಲೇ ಸಿ. ಕ್ರೇನ್ ಅನ್ನೋ ಕಂಪನಿಯವ್ರು ಮಾಡೋದಿದೆ, ಸೆಲ್ ಹಾಕಿ ಓಡಿಸಬಹುದು, ಗುಂಯ್ ಅನ್ನೋ ಸದ್ದಿಗೆ ಅದೇ ಮದ್ದು, ಯಾಕಂದ್ರೆ ಆ ಸದ್ದು ಬಹಳ ಸಲ ಬರೋದು ಅಗ್ಗದ ಯುಎಸ್‌ಬಿ ಚಾರ್ಜರಿಂದ.

ಇನ್ನು ಫ್ರೀಕ್ವೆನ್ಸಿ, ಅರ್ಧ ಕೆಲಸ ಇಲ್ಲೇ ಇರೋದು. ಡಲ್ಲಾಸಲ್ಲಿ ಡಯಲ್ ತುಂಬಿ ತುಳುಕ್ತಿದೆ. ಇಲ್ಲಿ ಸ್ಟೇಷನ್‌ಗಳೆಲ್ಲ .1, .3, .5 ಹೀಗೆ ಬೆಸ ಸಂಖ್ಯೇಲಿರ್ತವೆ, ನೀವು ಆರಿಸೋ ಜಾಗ ಖಾಲಿ ಇದ್ರೆ ಸಾಲದು ಅದರ ಅಕ್ಕಪಕ್ಕದ್ದೂ ಖಾಲಿ ಇರ್ಬೇಕು, ಯಾಕಂದ್ರೆ ಎಚ್‌ಡಿ ರೇಡಿಯೋ (ಎಫ್‌ಎಂ ಜೊತೆಗೇ ಕಳಿಸೋ ಡಿಜಿಟಲ್ ಪ್ರಸಾರ) ಇರೋ ಸ್ಟೇಷನ್ನು ತನ್ನ ಎರಡೂ ಬದೀಗೆ ಡಿಜಿಟಲ್ ಸಿಗ್ನಲ್ ಚಾಚಿರುತ್ತೆ, ಸಾದಾ ರೇಡಿಯೋಗೆ ಅದು ಬರೀ ಸ್ಸ್ಸ್ ಅನ್ನಿಸುತ್ತೆ. ಬೆಳಗ್ಗೆ ಒಂದ್ಸಲ ರಾತ್ರಿ ಒಂದ್ಸಲ ಕೇಳಿ ನೋಡಿ. 87.9 ಖಾಲಿ ಇದೆ ಅಂತ ಹಾಕೋರಿದಾರೆ, ಆದ್ರೆ ಆ ರೂಲಿನ ಪ್ರಕಾರ ಲೈಸೆನ್ಸ್ ಇಲ್ದೆ ಬಿಡಬಹುದಾದ್ದು 88ರಿಂದ 108ರ ಒಳಗೆ ಮಾತ್ರ, 87.9 ಅದರಾಚೆ.

ರೇಂಜ್ ಸಾಲ್ತಿಲ್ಲ ಅಂದ್ರೆ ಆಂಟೆನಾಗೆ ವೈರು ಕಟ್ಟಬೇಡಿ, ಕಟ್ಟಿದ್ರೆ ಆ ಸರ್ಟಿಫಿಕೇಟೇ ಲೆಕ್ಕಕ್ಕಿಲ್ಲ. ಟ್ರಾನ್ಸ್‌ಮಿಟರನ್ನ ಮನೆ ಮಧ್ಯೆ ಎತ್ತರದಲ್ಲಿಡಿ, ರೌಟರ್ ಮತ್ತು ಎಲ್‌ಇಡಿ ಬಲ್ಬಿಂದ ದೂರ. ಮಾನೋ ಸೆಟಿಂಗ್ ಇದ್ರೆ ಮಾನೋನೇ ಹಾಕಿ, ವಾರ್ತೆಗೆ ಸ್ಟೀರಿಯೋ ಯಾಕ್ ಬೇಕು, ಸಿಗ್ನಲ್ ವೀಕ್ ಇದ್ದಾಗ ಸ್ಟೀರಿಯೋದಲ್ಲೇ ಜಾಸ್ತಿ ಕಿರಿಕಿರಿ. ಫೋನ್ ವಾಲ್ಯೂಮ್ ಪೂರ್ತಿ ಏರಿಸ್ಬೇಡಿ, ದನಿ ಒಡೆಯುತ್ತೆ.

ಬ್ಲೂಟೂತ್ ಸ್ಪೀಕರ್ ಸಾಕಲ್ವಾ ಅಂದ್ರೆ, ಒಂದೇ ರೂಮಿಗಾದ್ರೆ ಸಾಕು. ಆದ್ರೆ ಅಪ್ಪಂಗೆ ಬೇಕಿರೋದು ತಿರುಗಿಸೋ ಗುಬುಟು. ಊರಿಂದ ತಂದ ಟ್ರಾನ್ಸಿಸ್ಟರೂ ನಡಿಯುತ್ತೆ, ಬ್ಯಾಂಡ್ ಅದೇ, ಸ್ವಲ್ಪ ಟ್ರೆಬಲ್ ಜಾಸ್ತಿ ಅನ್ಸಬಹುದು, ಅಲ್ಲಿ ಪ್ರೀ-ಎಂಫಸಿಸ್ (ಕಳಿಸುವಾಗ ಟ್ರೆಬಲ್ ಏರಿಸೋ ಅಳತೆ) 50 ಮೈಕ್ರೋಸೆಕೆಂಡು ಇಲ್ಲಿ 75, ಅದಕ್ಕೆ.

ವಾಪಸ್ ಹೋಗ್ವಾಗ ಊರಿಗೂ ಒಂದು ಕೊಟ್ಟು ಕಳಿಸ್ಲಾ ಅಂತಾನೂ ಕೇಳ್ತಾರೆ. ಬೇಡ ಅಂತೀನಿ, ಅಮೆರಿಕದ ರೂಲು ನೋಡ್ಕೊಂಡು ತಗೊಂಡಿದ್ದು ಅಲ್ಲಿನ ಕಾನೂನಿಗೆ ಹೊಂದುತ್ತೆ ಅಂತೇನಿಲ್ಲ. ಟ್ರಾನ್ಸ್‌ಮಿಟರ್ ಇಲ್ದೆ ವೈರಲ್ಲೇ ಕೆಲಸ ಆಗುತ್ತೆ: ಕೋಲಾರ ಜಿಲ್ಲೆ ಬೂದಿಕೋಟೇಲಿ 'ನಮ್ಮ ಧ್ವನಿ' ಅನ್ನೋ ಊರಿನವ್ರ ರೇಡಿಯೋದವ್ರು 2000ದ ದಶಕದ ಶುರುವಲ್ಲಿ, ಸಮುದಾಯ ರೇಡಿಯೋಗೆ ಇನ್ನೂ ಲೈಸೆನ್ಸ್ ಸಿಗದ ಕಾಲದಲ್ಲಿ, ಟ್ರಾನ್ಸ್‌ಮಿಟರೇ ಇಲ್ದೆ ಕೇಬಲ್ ಮೂಲಕ ಊರಿನ ಮನೆಗಳಿಗೆ ತಮ್ಮ ಕಾರ್ಯಕ್ರಮ ಕೇಳಿಸಿದ್ರು. ಊರಲ್ಲಿ ಆಕಾಶವಾಣಿ ಗಾಳೀಲೇ ಸಿಗುತ್ತೆ, ಫೋನಿನ ಹಾಡು ಬೇಕಂದ್ರೆ ಸ್ಪೀಕರಿಗೆ ಒಂದು ಆಕ್ಸ್ ವೈರ್ ಚುಚ್ಚಿ ಕೊಡಿ.