ಎಡಕ್ಕೆ ಜಗ್ಗಲಿಲ್ಲ

ಹುಬ್ಬಳ್ಳಿ, 16 ನವೆಂಬರ್ 2025, ಭಾನುವಾರ

ಮುಂಜಾನೆ ಆರಕ್ಕೆ ಗ್ಯಾರೇಜಿಗೆ ಹೋದರೆ ಮಿಸ್ತ್ರಿಯವರು ನನಗಿಂತ ಮೊದಲೇ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು. ನಲವತ್ತು ವರ್ಷ ಡೆಂಟಿಂಗ್ ಮಾಡಿದ ಮನುಷ್ಯ, ಭಾನುವಾರ ಎಂದೂ ಸುತ್ತಿಗೆ ಮುಟ್ಟಿದವರಲ್ಲ. "ಕೆಲಸಕ್ಕ ಬಂದಿಲ್ಲಪಾ, ನೋಡಾಕ ಬಂದೀನಿ" ಅಂದರು. ಎಂಟು ತಿಂಗಳ ದುರಸ್ತಿ ಮುಗಿದು ಕೆಂಪು ಸ್ಕೋಡಾ ಕಾರು ಆಕ್ಟೇವಿಯಾ ಆರ್‌ಎಸ್ ಇವತ್ತು ರಸ್ತೆಗಿಳಿಯುವುದಿತ್ತು. ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅವರಿಗೂ ಬಂದಿರಲಿಕ್ಕಿಲ್ಲ.

ಈ ಕಾರಿನ ಹುಚ್ಚು ಹಳೆಯದು. 2004ರಲ್ಲಿ ಸ್ಕೋಡಾ ಇದನ್ನು ನಮ್ಮ ದೇಶದ ಪೇಟೆಗೆ ತಂದಾಗ ನಾನು ಐಟಿಐ ಹುಡುಗ. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಸಿಲಿಂಡರ್‌ಗೆ ಐದರಂತೆ 20 ವಾಲ್ವ್, 150 ಅಶ್ವಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ನೋಡಲಿಕ್ಕೆ ಮನೆಮಂದಿ ಕೂತು ಹೋಗುವ ಸಾದಾ ಕಾರು. ಆದರೆ ಒಂದು ಸಂಜೆ ವಿದ್ಯಾನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಆರ್‌ಎಸ್ ಎದುರಿಗೇ ಹಾದುಹೋಯಿತು. ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಟರ್ಬೊ ಉಸಿರೆಳೆದುಕೊಳ್ಳುವ ಆ ಸಣ್ಣ ಸಿಳ್ಳು ಇವತ್ತಿಗೂ ಕಿವಿಯಲ್ಲಿದೆ. ಹೊಸದನ್ನು ಕೊಳ್ಳುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗೋಕುಲ ರೋಡಿನ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಮೇಲೆ ನಿಂತು ಇಪ್ಪತ್ತು ವರ್ಷ ಆದಮೇಲೆ, ಈ ಮಾರ್ಚ್‌ನಲ್ಲಿ, ರಂಗಪಂಚಮಿ ಮುಗಿದ ವಾರ ಒಂದು ಸಿಕ್ಕಿತು. ತಾರಿಹಾಳದ ಕಡೆ ಒಂದು ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ, ಮುಂಭಾಗ ನುಜ್ಜುಗುಜ್ಜಾಗಿ ಎರಡು ವರ್ಷದಿಂದ ನಿಂತಿತ್ತು.

ರಾತ್ರಿ ಹೊತ್ತು ಮೇವು ಹೇರಿದ ಟ್ರ್ಯಾಕ್ಟರ್ ಟ್ರೇಲರ್. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಕಾರಿನ ಎಡ ಮೂಲೆ ಅದರಡಿ ಹೊಕ್ಕಿತ್ತು. ಓಡಿಸುತ್ತಿದ್ದವರಿಗೆ ಭುಜದ ಎಲುಬು ಮುರಿಯಿತು, ಜೀವ ಉಳಿಯಿತು. ಬೆಲ್ಟ್ ಹಾಕಿದ್ದರು, ಎರಡೂ ಏರ್‌ಬ್ಯಾಗ್ ತೆರೆದುಕೊಂಡಿದ್ದವು. ಅವರೇ ಬಂದು ಕೀಲಿ ಕೊಟ್ಟರು. "ಇದು ನನ್ನ ಉಳಿಸೇತ್ರಿ, ಗುಜರಿಗೆ ಹಾಕಾಕ ಮನಸ ಬರವಲ್ತು" ಎಂದು ಬಾನೆಟ್ಟಿನ ಮಡಿಕೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದರು. 90 ಸಾವಿರಕ್ಕೆ ಮಾತು ಮುಗಿಯಿತು.

ಗೆಳೆಯರೆಲ್ಲ ಕೇಳಿದ್ದು ಒಂದೇ: ಎಷ್ಟು ಎಚ್‌ಪಿ ಮಾಡ್ತೀ? ಮಿಸ್ತ್ರಿಯವರು ಕೇಳಿದ್ದು ಬೇರೆ. ಕಾರನ್ನು ಒಂದು ಸುತ್ತು ಹಾಕಿ, ಕುಕ್ಕರುಗಾಲಲ್ಲಿ ಕುಳಿತು, ಟೇಪ್ ಹಿಡಿ ಅಂದರು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಬಲಗಡೆ 2512 ಮಿಲಿಮೀಟರ್, ಕಂಪನಿ ಕೊಟ್ಟ ಅಳತೆಯೇ. ಎಡಗಡೆ 2497. ಹದಿನೈದು ಮಿಲಿಮೀಟರ್ ಎಲ್ಲಿ ಹೋಯಿತು ಅನ್ನುವುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಸಿಗುವ ತನಕ ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟಗೊಡಲಿಲ್ಲ.

ಅವರಲ್ಲಿ ಕಾರಿನ ಚೌಕಟ್ಟು ಅಳೆಯುವ ಕಂಪ್ಯೂಟರ್ ಜಿಗ್ ಇಲ್ಲ. ಗೌಂಡಿಗಳು ಗೋಡೆ ಕಟ್ಟುವಾಗ ಬಿಡುವ ಗುಂಡು ಇದೆ, ದಾರ ಇದೆ, ಚಾಕ್ ಇದೆ. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ತಳದಲ್ಲಿ ಕಂಪನಿಯವರೇ ಬಿಟ್ಟಿರುವ ತೂತುಗಳಿಂದ ಒಂದೊಂದಾಗಿ ಗುಂಡು ಇಳಿಬಿಟ್ಟರು. ಗುಂಡಿನ ಮೊನೆ ಎಲ್ಲಿ ನಿಂತಿತೋ ಅಲ್ಲಿ ಸಿಮೆಂಟ್ ನೆಲದ ಮೇಲೆ ಚಾಕಿನ ಗುರುತು. ಒಟ್ಟು ಹದಿನಾಲ್ಕು. ಕೆಡದೇ ಉಳಿದ ಹಿಂಭಾಗದಿಂದ ನಡುಗೆರೆ ಹಿಡಿದು, ಮುಂದಿನ ಗುರುತುಗಳು ಎಲ್ಲಿರಬೇಕಿತ್ತು ಎಂದು ಇನ್ನೊಂದು ಬಣ್ಣದಲ್ಲಿ ಬರೆದರು. ಕರ್ಣ ಅಳೆದರೆ ಒಂದಕ್ಕೂ ಇನ್ನೊಂದಕ್ಕೂ 11 ಮಿಲಿಮೀಟರ್ ವ್ಯತ್ಯಾಸ. ನಾನು ದಿನಾ ನೂರನೇ ಒಂದು ಮಿಲಿಮೀಟರ್‌ಗೆ ಕೆಲಸ ಮಾಡುವವನು. ದಾರದಿಂದ ಇಷ್ಟು ನಿಖರ ಅಳತೆ ಬಂದೀತು ಎಂದು ನಂಬಿರಲಿಲ್ಲ. ಮೂರು ಸಲ ಮತ್ತೆ ಅಳೆದೆ. ಮೂರೂ ಸಲ ಅವರದೇ ಲೆಕ್ಕ ಬಂತು.

ಎಡಗಡೆಯ ಉದ್ದದ ಚಾಸಿ ರೇಲು, ಅಂದರೆ ಕಾರಿನ ಮುಂಭಾಗವನ್ನು ಹೊರುವ ಉಕ್ಕಿನ ತೊಲೆ, ಅಕಾರ್ಡಿಯನ್ ಹಾಗೆ ಮಡಚಿಕೊಂಡಿತ್ತು. ಹಾಗೆ ಮಡಚಿಕೊಳ್ಳಲೆಂದೇ ಅದನ್ನು ಮಾಡಿರುತ್ತಾರೆ. ಒಳಗಿನವರಿಗೆ ತಾಗಬೇಕಾದ ಪೆಟ್ಟನ್ನು ಅದು ತಿನ್ನುತ್ತದೆ. ಒಂದು ಸಲ ತಿಂದ ರೇಲನ್ನು ಕಾಸಿ ನೆಟ್ಟಗೆ ಮಾಡಿ ಬಣ್ಣ ಹೊಡೆದರೆ ಕಣ್ಣಿಗೆ ಸರಿ ಕಾಣುತ್ತದೆ, ಮುಂದಿನ ಪೆಟ್ಟಿಗೆ ಮಾತ್ರ ಅದು ರೇಲಾಗಿ ಉಳಿದಿರುವುದಿಲ್ಲ. ಗಟ್ಟಿ ಉಕ್ಕನ್ನು ಕೆಂಪಗೆ ಕಾಸಿದರೆ ಅದರ ಸತ್ವ ಇಳಿದುಹೋಗುತ್ತದೆ. "ಗ್ಯಾಸ್ ಹಚ್ಚಿದ್ಯೋ, ನನ್ನ ಹೊಳ್ಳಿ ಕರೀಬ್ಯಾಡ" ಎಂದು ಮೊದಲ ದಿನವೇ ಹೇಳಿದ್ದರು. ಮಡಿಕೆಗಿಂತ ಹಿಂದಿರುವ ರೇಲಿನ ಭಾಗವನ್ನು ಸರಪಳಿ, ಹೈಡ್ರಾಲಿಕ್ ಜಾಕ್ ಹಾಕಿ ತಣ್ಣಗೇ ಜಗ್ಗಿದೆವು, ದಿನಕ್ಕೆ ಎರಡೋ ಮೂರೋ ಮಿಲಿಮೀಟರ್. ಬೇಕಾದ್ದಕ್ಕಿಂತ ತುಸು ಹೆಚ್ಚೇ ಜಗ್ಗಬೇಕು. ಬಿಟ್ಟ ಕೂಡಲೇ ಲೋಹ ಹಿಂದಕ್ಕೆ ಸರಿಯುತ್ತದೆ, ಎಷ್ಟು ಸರಿಯುತ್ತದೆ ಅನ್ನುವುದು ಅವರ ಅಂಗೈಗೆ ಗೊತ್ತು. ಮಡಚಿದ ಮೂತಿಯನ್ನು ಕತ್ತರಿಸಿ ಒಗೆದು, ಪುಣೆಯ ಗುಜರಿಯಿಂದ ಸಾದಾ ಆಕ್ಟೇವಿಯಾದ ರೇಲ್ ತುಂಡು ತರಿಸಿದೆ. ಅದನ್ನು ಬಿಡಿಸಲು ಒಂದೊಂದು ಸ್ಪಾಟ್ ವೆಲ್ಡನ್ನೂ, ಅಂದರೆ ಚುಕ್ಕಿ ಬೆಸುಗೆಯನ್ನೂ, 8 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆಯಬೇಕು. ಕೂಡಿಸುವಾಗಲೂ ಕಂಪನಿಯ ಜೋಡಣೆ ಎಲ್ಲಿತ್ತೋ ಅಲ್ಲಿಯೇ. ಏಪ್ರಿಲ್, ಮೇ ಎರಡೂ ಇದಕ್ಕೇ ಹೋದವು. ಜೂನ್ ಮೊದಲ ವಾರ, ಹೊರಗೆ ಮಳೆ ಹೊಡೆಯುತ್ತಿತ್ತು, ಎಡಗಡೆ ಅಳತೆ 2511 ಬಂತು. ಮಿಸ್ತ್ರಿಯವರು ಚಹಾ ತರಿಸಿದರು. ನಾನು ಕುಡಿಯಲಾರದೆ ಕೈಯಲ್ಲಿ ಹಿಡಿದು ನಿಂತೆ, ಅಷ್ಟು ಖುಷಿಯಾಗಿತ್ತು.

ಆ ಚಾಕಿನ ಗುರುತುಗಳ ಮೇಲೆ ಅವರು ವಾರ್ನಿಷ್ ಬಳಿದಿದ್ದರು. ಕಸ ಹೊಡೆಯುವ ಹುಡುಗ ಎಂಟು ತಿಂಗಳೂ ಅವುಗಳ ಸುತ್ತಲೇ ಹೊಡೆದಿದ್ದಾನೆ.

ಏರ್‌ಬ್ಯಾಗ್ ವಿಷಯ ಬರೆಯಲೇಬೇಕು. ಬಿಡಿಭಾಗ ಮಾರುವ ಒಬ್ಬರು, ಇಪ್ಪತ್ತು ರೂಪಾಯಿಯ ರೆಸಿಸ್ಟರ್ ಹಾಕಿದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರುತ್ತದೆ, ಯಾರಿಗೂ ತಿಳಿಯುವುದಿಲ್ಲ ಅಂದರು. ದೀಪ ಆರುತ್ತದೆ, ನಿಜ. ಕಂಟ್ರೋಲ್ ಯೂನಿಟ್‌ಗೆ ಬ್ಯಾಗ್ ಇದ್ದಂತೆ ಭ್ರಮೆ ಹುಟ್ಟಿಸುವ ಕೆಲಸ ಅದು. ಈ ಕಾರಿನಲ್ಲಿ ಒಬ್ಬ ಮನುಷ್ಯ ಬದುಕಿದ್ದೇ ಆ ಬ್ಯಾಗಿನಿಂದ, ಅಲ್ಲಿ ರೆಸಿಸ್ಟರ್ ಹಾಕುವುದು ಹೇಗೆ? ಬ್ಯಾಗ್, ಅದರ ಯೂನಿಟ್, ಮುಂದಿನ ಎರಡೂ ಬೆಲ್ಟ್, ಎಲ್ಲ ಹೊಸದು ಹಾಕಿಸಿದೆ. ಟರ್ಬೊ ಬದಲಿಸಲು ಕೂಡಿಟ್ಟ ಹಣ ಅಲ್ಲಿಗೆ ಮುಗಿಯಿತು. ಹೀಗಾಗಿ ಕೆ03 ಮಾದರಿಯ ಟರ್ಬೊ ಮೂಲದ್ದೇ ಉಳಿದಿದೆ, ಒಳಗಿನ ಬೇರಿಂಗ್, ಸೀಲ್ ಅಷ್ಟೇ ಹೊಸವು.

ಎಂಜಿನ್ ಅದೃಷ್ಟಕ್ಕೆ ಪೆಟ್ಟು ತಿಂದಿರಲಿಲ್ಲ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ ಅದುಮಿದಾಗಿನ ಒತ್ತಡ, ನಾಲ್ಕೂ ಸಿಲಿಂಡರಿನಲ್ಲಿ 10.5ರಿಂದ 11 ಬಾರ್. ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೇ ಹಾಕಿದೆ. ಈ ಎಂಜಿನ್ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವುಗಳಿಗೆ ಬಡಿಯುತ್ತದೆ, ಇಪ್ಪತ್ತು ವಾಲ್ವಿನ ಲೆಕ್ಕ ಆಮೇಲೆ ಯಾರು ಮಾಡುವುದು. ಸಂಪ್ ಬಿಚ್ಚಿ ಎಣ್ಣೆ ಹೀರುವ ಜಾಲರಿ ತೊಳೆದೆ. ಟರ್ಬೊದ ಆಯುಸ್ಸು ನಿಂತಿರುವುದೇ ಆ ಜಾಲರಿಯ ಮೇಲೆ. ಇಪ್ಪತ್ತು ವರ್ಷ ಬಿಸಿ ತಿಂದ ವ್ಯಾಕ್ಯೂಮ್ ಪೈಪುಗಳು ಕೈಯಲ್ಲಿ ಬಿಸ್ಕತ್ತಿನ ಹಾಗೆ ಮುರಿದವು, ಎಲ್ಲ ಸಿಲಿಕೋನ್ ಆದವು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್, ಹಳೆಯ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ. ಆದ್ದರಿಂದ ಇಂಧನದ ಹೋಸುಗಳೂ ಹೊಸವು. ಖಂಡೇನವಮಿ ದಿನ ಎಂಜಿನ್ ಇನ್ನೂ ಸ್ಟ್ಯಾಂಡ್ ಮೇಲೆಯೇ ಇತ್ತು. ಪಾನಾಗಳ ಜೊತೆ ಅದಕ್ಕೂ ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡಿದೆವು. ದೀಪಾವಳಿ ಹೊತ್ತಿಗೆ ಒಳಗೆ ಕೂತಿತು.

ಬ್ರೇಕಿಗೆ ಶಕ್ತಿಗಿಂತ ಮೊದಲು ಖರ್ಚು ಮಾಡಿದೆ. ಮುಂದೆ 288 ಮಿಲಿಮೀಟರ್ ಡಿಸ್ಕ್ ಇದ್ದಲ್ಲಿ 312. ಕ್ಯಾಲಿಪರ್ ಅದೇ ನಡೆಯುತ್ತದೆ, ಅದನ್ನು ಹಿಡಿಯುವ ಕ್ಯಾರಿಯರ್ ಮಾತ್ರ ಬದಲಾಗಬೇಕು. ಸ್ಕೋಡಾದ ನಂತರದ ಮಾದರಿ ಲಾರಾದ ಡಿಸ್ಕ್ ಸುಲಭವಾಗಿ ಸಿಗುತ್ತದೆ ಎಂದು ಒಬ್ಬರು ತಂದುಕೊಟ್ಟರು. ಅದರ ಬೋಲ್ಟುಗಳು ಕೂರುವ ವೃತ್ತ 112 ಮಿಲಿಮೀಟರ್, ನಮ್ಮದು 100, ಕೂರುವುದಿಲ್ಲ. ಸರಿಯಾದದ್ದು ಬರಲು ಆರು ವಾರ ಹಿಡಿಯಿತು. ಆಮೇಲೆಯೇ ಟರ್ಬೊದ ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್: ಬಂಪರ್ ಮೂಲೆಯಲ್ಲಿ ಅಡಗಿದ್ದ ಸಣ್ಣದನ್ನು ತೆಗೆದು, ಗಾಳಿ ನೇರ ಬಡಿಯುವಂತೆ ದೊಡ್ಡದನ್ನು ಮುಂದೆ ಕೂರಿಸಿದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಾದ ಗಾಳಿ ನುಂಗಿದ ಎಂಜಿನ್ ನಾಕ್ ಆಗುತ್ತದೆ, ಅಂದರೆ ಒಳಗೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ನಾಕ್ ಸೆನ್ಸರ್ ಅದನ್ನು ತಿಳಿಸಿದೊಡನೆ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಕೂಡಿಸಿದ ಶಕ್ತಿ ಅಲ್ಲೇ ಕರಗುತ್ತದೆ. ಕೊನೆಗೆ ಇಸಿಯು ಮ್ಯಾಪ್, ಅಂದರೆ ಆ ಕಂಪ್ಯೂಟರಿನ ಲೆಕ್ಕದ ತಿದ್ದುಪಡಿ. ಅರ್ಧ ಬಾರ್ ಆಸುಪಾಸಿನಲ್ಲಿದ್ದ ಟರ್ಬೊ ಒತ್ತಡ ಈಗ 0.95. ಮ್ಯಾಪ್ ಮಾಡಿದವರು ಇನ್ನೂ ಏರಿಸಬಹುದು ಅಂದರು, ನಾನು ಬೇಡ ಅಂದೆ. ಪಿಸ್ಟನ್ನಿಗೆ ಕೂಡಿಕೊಂಡ ಕನೆಕ್ಟಿಂಗ್ ರಾಡ್ ಮೂಲದ್ದು, ಅದಕ್ಕೂ ಒಂದು ಮಿತಿ ಇದೆ.

ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಯಲ್ಲಿ ಇದ್ದವೇ. ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಜಾಗದಲ್ಲಿವೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವಾಹನದ ಮೂಲ ರಚನೆ ಬದಲಿಸುವಂತಿಲ್ಲ ಎಂದ ಮೇಲೆ ದೇಹ ಕೊಯ್ದು ಅಗಲ ಮಾಡುವ ಆಸೆ ಯಾರಿಗೂ ಇರಬಾರದು, ನನಗಂತೂ ಇಲ್ಲ. 2005ರ ಡಿಸೆಂಬರಿನ ಕೆಎ-25 ಗಾಡಿ. ಹದಿನೈದು ವರ್ಷ ಮುಗಿದ ಮೇಲೆ ಸಿಕ್ಕ ಐದು ವರ್ಷದ ನೋಂದಣಿ ನವೀಕರಣವೂ ಮುಂದಿನ ತಿಂಗಳು ಮುಗಿಯುತ್ತದೆ. ಆರ್‌ಟಿಒ ತಪಾಸಣೆಗೆ ನಿಲ್ಲಿಸಬೇಕು.

ಇವತ್ತಿಗೆ ಬರುತ್ತೇನೆ. ಗದಗ ರೋಡ್ ಹಿಡಿದೆವು. ಶಿರಗುಪ್ಪಿ ದಾಟುವವರೆಗೆ ಎರಡು ಸಾವಿರ ಆರ್‌ಪಿಎಂ ಮೀರಲಿಲ್ಲ, ಎಣ್ಣೆ ಕಾಯಬೇಕು. ಎರಡೂ ಕಡೆ ಎರಿ ಹೊಲ, ಬಿಳಿಜೋಳ ಮೊಣಕಾಲೆತ್ತರ, ಅಲ್ಲಲ್ಲಿ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು. ಮಿಸ್ತ್ರಿಯವರು ಕಿಟಕಿ ಇಳಿಸಿ ಎಡಗಡೆಯ ಗಾಲಿಯ ಸದ್ದನ್ನೇ ಕೇಳುತ್ತಿದ್ದರು. ನಲವಡಿ ಹತ್ತಿರ ರಸ್ತೆ ಬರಿದಾಗಿತ್ತು. ಎಂಬತ್ತರಲ್ಲಿ ಹೋಗುತ್ತಾ ಸ್ಟೇರಿಂಗಿನಿಂದ ಎರಡೂ ಕೈ ಒಂದು ಇಂಚು ಮೇಲೆತ್ತಿದೆ. ಒಂದು, ಎರಡು, ಮೂರು, ನಾಲ್ಕು. ಕಾರು ತನ್ನ ಗೆರೆ ಬಿಡಲಿಲ್ಲ. ಎಡಕ್ಕೆ ಜಗ್ಗಲಿಲ್ಲ. ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲವೆಂದು ನೋಡಿ, ಕೈ ಸಡಿಲ ಹಿಡಿದೇ ಬ್ರೇಕ್ ಗಟ್ಟಿಯಾಗಿ ಒತ್ತಿದೆ. ಮೂತಿ ಬಾಗಿತು, ಬೆಲ್ಟ್ ಎದೆಗೆ ಬಿಗಿಯಿತು, ನೇರಕ್ಕೆ ನಿಂತಿತು. ಮಿಸ್ತ್ರಿಯವರು ಏನೂ ಅನ್ನಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು, ಎತ್ತಿನ ಬೆನ್ನು ತಟ್ಟಿದ ಹಾಗೆ.

ಆಮೇಲೆ ಎರಡನೇ ಗೇರಿನಲ್ಲಿ ಕೆಂಪು ಗೆರೆಯ ತನಕ. ಮೂರರಲ್ಲಿ ಅಷ್ಟು ಎಳೆದರೆ ವೇಗ ನೂರು ದಾಟುತ್ತದೆ, ಊರಿನ ರಸ್ತೆಯಲ್ಲಿ ಅದು ಬೇಡ. ಎರಡು ಸಾವಿರದ ಐನೂರರಿಂದ ಬೆನ್ನು ಸೀಟಿಗೆ ಒತ್ತಿಕೊಂಡಿತು, ಆ ಸಿಳ್ಳು ಬಂತು. ವಿದ್ಯಾನಗರದ ಬಸ್ ಸ್ಟಾಪಿನ ಅದೇ ಸಿಳ್ಳು, ಈಗ ನನ್ನ ಬಲಗಾಲಿನ ಕೆಳಗೆ. ಲ್ಯಾಪ್‌ಟಾಪಿನಲ್ಲಿ ಎಂಜಿನ್ ಒಳಗೆ ಹೋಗುವ ಗಾಳಿಯ ತೂಕ ಸೆಕೆಂಡಿಗೆ 148 ಗ್ರಾಂ ದಾಖಲಾಗಿದೆ. ಟ್ಯೂನಿಂಗ್ ಮಾಡುವವರು ಅದನ್ನು 0.8ರಿಂದ ಭಾಗಿಸಿ ಅಶ್ವಶಕ್ತಿಯ ಅಂದಾಜು ಹಿಡಿಯುತ್ತಾರೆ: 185. ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಏರಿಸದೆ ಇದನ್ನು ಅಂದಾಜು ಅಂತಲೇ ಬರೆದಿಡುತ್ತೇನೆ. ಅಷ್ಟೂ ಶಕ್ತಿ ಮುಂದಿನ ಎರಡು ಗಾಲಿಗೇ ಹೋಗುವುದರಿಂದ ಸ್ಟೇರಿಂಗ್ ಕೈಯಲ್ಲಿ ಸ್ವಲ್ಪ ಒದ್ದಾಡುತ್ತದೆ, ಆದರೆ ಎರಡೂ ಕಡೆಗೆ ಸಮನಾಗಿ.

ಅಣ್ಣಿಗೇರಿಯಲ್ಲಿ ಚಹಾ, ಬಿಸಿ ಮಿರ್ಚಿ. ಅಲ್ಲಿಂದ ಬೇಕೆಂದೇ ನವಲಗುಂದದ ರಸ್ತೆಗೆ ತಿರುಗಿಸಿದೆ. ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಕಾರನ್ನು ನೆಲಕ್ಕೆ ತಾಗುವಷ್ಟು ಇಳಿಸು ಎಂದು ಹೇಳಿದವರು ಈ ಸೀಮೆಯಲ್ಲಿ ಓಡಿಸಿಲ್ಲ. ನಾನು ಎತ್ತರ ಹಾಗೇ ಬಿಟ್ಟು ಕುಣಿತ ತಡೆಯುವ ಡ್ಯಾಂಪರ್ ಮಾತ್ರ ಬಿಗಿ ಮಾಡಿದ್ದೇನೆ. ಅಲೆ ಹತ್ತಿ ಇಳಿದರೆ ಕಾರು ಒಂದೇ ಸಲ ಕೂತು ಏಳುತ್ತದೆ, ಎರಡನೇ ಸಲ ಕುಣಿಯುವುದಿಲ್ಲ. ಹಿಂದಿನ ಎಡ ಬಾಗಿಲಲ್ಲಿ ಏನೋ ಕಟಕಟ ಅನ್ನುತ್ತಿದೆ, ಬಹುಶಃ ಒಳಗೊಂದು ಕ್ಲಿಪ್ ಬಿಟ್ಟಿದೆ.

ಹತ್ತೂವರೆಗೆ ಗ್ಯಾರೇಜಿಗೆ ಮರಳಿದೆವು. ಚಹಾ ಬೇಡ ಅಂದು ಮಿಸ್ತ್ರಿಯವರು ಸೀದಾ ಜಾಕ್ ತೆಗೆದರು. ಭಾನುವಾರದ ನೇಮ ಮರೆತೇಬಿಟ್ಟರು. ಕಾರನ್ನು ಮತ್ತೆ ಅದೇ ನಾಲ್ಕು ಸ್ಟ್ಯಾಂಡ್ ಮೇಲೆ, ಅದೇ ಗುರುತಿಗೆ ನಿಲ್ಲಿಸಿ, ಹದಿನಾಲ್ಕು ತೂತುಗಳಿಂದ ಗುಂಡು ಇಳಿಬಿಟ್ಟೆವು. ದಾರ ತೂಗಾಡುವುದು ನಿಲ್ಲುವ ತನಕ ಒಂದೊಂದಕ್ಕೂ ಉಸಿರು ಬಿಗಿಹಿಡಿದು ಕಾದೆ. ಹದಿಮೂರು ಗುರುತಿನ ಮೇಲೆಯೇ ನಿಂತವು. ಬೆಸೆದ ರೇಲಿನ ಮುಂದಿನದು ಒಂದು ಮಿಲಿಮೀಟರ್ ಆಚೆ. ಜೂನ್‌ನಲ್ಲೂ ಅದು ಅಷ್ಟೇ ಆಚೆ ಇತ್ತು, ನೋಟ್‌ಬುಕ್ ತೆಗೆದು ನೋಡಿದೆ.

ಮೂಲೆಯಲ್ಲಿದ್ದ ಹುಡುಗ, "ಇನ್ನ ಇದನ್ನ ಅಳಸ್ಲೇನ್ರಿ?" ಎಂದು ನೆಲ ತೋರಿಸಿದ.

"ಇರ್ಲಿ ಬಿಡು" ಅಂದರು ಮಿಸ್ತ್ರಿಯವರು, ದಾರ ಸುತ್ತಿಕೊಳ್ಳುತ್ತಾ. "ಸಾವಿರ ಕಿಲೋಮೀಟರ್ ಆಗ್ಲಿ, ಇನ್ನೊಮ್ಮೆ ನೋಡೂಣು."

ಇವತ್ತು ಓಡಿದ್ದು 96.