ಹಳ್ಳದ ಪಕ್ಕದ ಎರಡು ಎಕರೆ

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಕೆಳಗೆ, ಹಳ್ಳಕ್ಕೆ ಅಂಟಿಕೊಂಡು ಎರಡು ಎಕರೆ ಕಾಡಿದೆ. ಹಿಡುವಳಿ ಜಮೀನೇ, ಆದರೆ ಅಪ್ಪ ಅಲ್ಲಿ ಕತ್ತಿ ಆಡಿಸಲಿಲ್ಲ, ನಾನೂ ಆಡಿಸಿಲ್ಲ. ಹೋದ ವರ್ಷ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಐವತ್ತು ಕೆಜಿ ಮೂಟೆಗೆ ಹತ್ತು ಸಾವಿರ ದಾಟಿದಾಗ ಬೆಂಗಳೂರಿನಿಂದ ಅಣ್ಣ ಫೋನ್ ಮಾಡಿದ. "ಲೋ, ಎಕರೆಗೆ ಹತ್ತು ಮೂಟೆ ಅಂದ್ರೂ ವರ್ಷಕ್ಕೆ ಎರಡು ಲಕ್ಷ ಹಳ್ಳಕ್ಕೆ ಸುರೀತಿದ್ದೀಯಲ್ಲೋ!"

ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದೆ. ಅಣ್ಣ ಹೇಳಿದ್ದು ಮಾರಿದ ದುಡ್ಡು, ಉಳಿದ ದುಡ್ಡಲ್ಲ. ಗೊಬ್ಬರ, ಕಳೆ, ಕಸಿ (ಗಿಡದ ರೆಂಬೆ ಸವರುವುದು), ಕೊಯ್ಲು, ಹೂವಿಗೆ ನೀರು ಎಲ್ಲ ಸೇರಿ ನಮಗೆ ಎಕರೆಗೆ ಅರವತ್ತೈದು ಸಾವಿರ ಖರ್ಚು. ಎರಡು ಎಕರೆಗೆ ಕಳೆದರೆ ಉಳಿಯುವುದು ಎಪ್ಪತ್ತು ಸಾವಿರ. ಅದೂ ಒಳ್ಳೆ ರೇಟಿನ ವರ್ಷ. 2020ರಲ್ಲಿ ಮೂಟೆಗೆ ಮೂರೂವರೆ ಸಾವಿರದ ಆಸುಪಾಸು ಇತ್ತು. ಆ ರೇಟಿಗೆ, ಆಗಿನ ಕೂಲಿ ಹಿಡಿದರೂ, ಕೈಯಿಂದಲೇ ಇಪ್ಪತ್ತು ಸಾವಿರ ಹೋಗುತ್ತಿತ್ತು. ಆ ವರ್ಷ ಕಾಡು ಬಿಟ್ಟದ್ದೇ ಉಳಿತಾಯ! ಇನ್ನು ಕಾಡು ಸವರಿ ಗಿಡ ನೆಟ್ಟರೆ ಮೊದಲ ಫಸಲಿಗೆ ಮೂರ್ನಾಲ್ಕು ವರ್ಷ. ಅಷ್ಟು ದಿನ ಬರೀ ಖರ್ಚು.

ಸರ್ಕಾರಕ್ಕೂ ಇಂಥ ಒಂದು ಲೆಕ್ಕ ಇದೆ. ಅರಣ್ಯ ಭೂಮಿಯನ್ನು ಗಣಿಗೋ ರಸ್ತೆಗೋ ಕೊಟ್ಟರೆ, ಪಡೆದವರು 'ನಿವ್ವಳ ಪ್ರಸ್ತುತ ಮೌಲ್ಯ' (ಕಾಡು ಮುಂದೆ ಕೊಡಬಹುದಾದ ಲಾಭದ ಇಂದಿನ ಬೆಲೆ) ಅಂತ ಒಂದೇ ಸಲ ದುಡ್ಡು ಕಟ್ಟಬೇಕು. 2022ರಲ್ಲಿ ದರ ಏರಿಸಿದ ಮೇಲೆ ತುಂಬ ದಟ್ಟ ಕಾಡಿಗೆ, ಅದರ ಬಗೆ ನೋಡಿ, ಹೆಕ್ಟೇರಿಗೆ ಸುಮಾರು 9.57 ಲಕ್ಷದಿಂದ 15.95 ಲಕ್ಷ. ನಮ್ಮ ಎರಡು ಎಕರೆಗೆ ಕಡಿಮೆ ದರ ಹಿಡಿದರೂ ಏಳೂಮುಕ್ಕಾಲು ಲಕ್ಷ. ಬ್ಯಾಂಕಿನಲ್ಲಿಟ್ಟು ಶೇ. 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ ಐವತ್ನಾಲ್ಕು ಸಾವಿರ. ಕಾಫಿಗೆ ಅಷ್ಟೇನೂ ದೂರ ಇಲ್ಲ, ಅಲ್ವಾ? ಆದರೆ ಹಿಡುವಳಿಯಲ್ಲಿ ಕಾಡು ಉಳಿಸಿಕೊಂಡ ನಮಗೆ ಆ ದುಡ್ಡು ಯಾರೂ ಕೊಡುವುದಿಲ್ಲ, ಅದು ಬೇರೆ ಮಾತು.

ಜಮೀನು ಜಂಟಿ ಖಾತೆಯಲ್ಲಿದೆ. ಕಾಡಿನ ಸುಖ ನನಗೆ, ನಷ್ಟದಲ್ಲಿ ಅರ್ಧ ಅಣ್ಣನಿಗೆ. ಇದು ನನಗೆ ಮೊದಲು ಹೊಳೆದಿರಲೇ ಇಲ್ಲ. ಹಾಗಾಗಿ ಐದು ವರ್ಷದ ಸರಾಸರಿ ತೆಗೆದು, ಅವನ ಪಾಲು ನಾನೇ ಕೊಡುತ್ತೇನೆ ಅಂತ ಬರೆದಿಟ್ಟೆ.

ಸಂಕ್ರಾಂತಿಗೆ ಬಂದ ಅಣ್ಣ ಹಾಳೆಯನ್ನು ಎರಡು ಸಲ ಓದಿದ. "ಎಲ್ಲ ಸರಿ. ಮರದ ಲೆಕ್ಕ ಎಲ್ಲೋ?"

ಕಡಿಯಲು ಇಲಾಖೆಯ ಪರ್ಮಿಷನ್ ಬೇಕು ಅಂದೆ. ನಿಜವೇ. ಆದರೆ ಹಾಳೆಯಲ್ಲಿ ಅದಕ್ಕೊಂದು ಸಾಲನ್ನೂ ನಾನು ಬಿಟ್ಟಿರಲಿಲ್ಲ.